ಬೆನ್ನುಮೂಳೆ ಮುರಿತದ ಕೋಡಿಂಗ್: ಪುಸ್ತಕವಾ, ಎನ್‌ಕೋಡರಾ, ತಾನೇ ಸೂಚಿಸುವ ಸಾಫ್ಟ್‌ವೇರಾ?

ಶಿವಮೊಗ್ಗದ ಮನೆಯಲ್ಲೇ ಕೂತು ಅಮೆರಿಕದ ರೋಗಿಗಳ ಚಾರ್ಟ್ (ಚಿಕಿತ್ಸೆಯ ದಾಖಲೆ) ಓದಿ, ಅದರಲ್ಲಿರುವ ಕಾಯಿಲೆ, ಗಾಯಗಳಿಗೆ ಕೋಡ್ ಹಾಕುವ ಕೆಲಸ ನನ್ನದು. ಬೆನ್ನುಮೂಳೆಯ ಚಾರ್ಟ್ ಬಂದರೆ ಈಗಲೂ ಕೈ ನಿಧಾನವಾಗುತ್ತೆ. ಈ ಮಳೆಗಾಲದಲ್ಲಿ ಮೂರು ದಾರಿಯನ್ನೂ ಹಿಡಿದು ನೋಡಿದೆ: ಐಸಿಡಿ-10-ಸಿಎಂನ (ಅಮೆರಿಕದಲ್ಲಿ ಬಳಸುವ ಕಾಯಿಲೆ, ಗಾಯಗಳ ಕೋಡ್ ಪಟ್ಟಿ) ದಪ್ಪ ಪುಸ್ತಕ, ಕಂಪ್ಯೂಟರಿನಲ್ಲಿ ಕೋಡ್ ಹುಡುಕಿಸುವ ಎನ್‌ಕೋಡರ್, ಚಾರ್ಟ್ ಓದಿ ತಾನೇ ಕೋಡ್ ಸೂಚಿಸುವ ಸಾಫ್ಟ್‌ವೇರ್.

ವೇಗದಲ್ಲಿ ಕೊನೆಯದ್ದೇ ಮುಂದೆ. ಮರದಿಂದ ಬಿದ್ದು ಎಲ್‌1ಗೆ (ಬೆನ್ನುಮೂಳೆಯ ಸೊಂಟದ ಭಾಗದ ಮೊದಲ ಮೂಳೆ) ವೆಡ್ಜ್ ಕಂಪ್ರೆಷನ್ (ಮೂಳೆ ಒಂದು ಕಡೆ ಕುಸಿದು ಬೆಣೆಯ ಆಕಾರ ಆಗೋದು) ಆದವರ ಚಾರ್ಟಿಗೆ ಎಸ್‌32.010ಎ, ಜೊತೆಗೆ ಮರದಿಂದ ಬಿದ್ದದ್ದಕ್ಕೆ ಡಬ್ಲ್ಯೂ14. ಎರಡೂ ಸರಿ. (ಅಡಿಕೆ ಕೊನೆ ಕೊಯ್ಯುವವರ ಊರಿನವಳು ನಾನು. ಡಬ್ಲ್ಯೂ14 ಕಂಡಾಗೆಲ್ಲ ನಮ್ಮ ತೋಟವೇ ಕಣ್ಣಿಗೆ ಬರುತ್ತೆ.)

ಎಡವಿದ್ದು ಒಬ್ಬ ಅಜ್ಜಿಯ ಚಾರ್ಟಿನಲ್ಲಿ. 74 ವರ್ಷ. ಕುರ್ಚಿಯಿಂದ ಏಳುವಾಗ ಜಾರಿ ನೆಲಕ್ಕೆ ಕೂತಿದ್ದರು, ಎಲ್‌1 ಕುಸಿದಿತ್ತು. ಸಾಫ್ಟ್‌ವೇರ್ ಮತ್ತೆ ಎಸ್‌32.010ಎ ಅಂದಿತು, ನಾನೂ ಸುಮ್ನೆ ಒಪ್ಪಿದೆ. ಆಡಿಟ್‌ನಲ್ಲಿ ಎರರ್ ಬಿತ್ತು. ಹಳೇ ಕಾಯಿಲೆಗಳ ಸಾಲಿನಲ್ಲಿ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಅಂತ ಇತ್ತು. ಅದಿದ್ದವರಿಗೆ, ಗಟ್ಟಿ ಮೂಳೆಯಾದರೆ ಮುರಿಯುತ್ತಲೇ ಇರಲಿಲ್ಲ ಅನ್ನುವಂಥ ಸಣ್ಣ ಪೆಟ್ಟಿಗೆ ಮುರಿದರೆ, ಗಾಯಗಳ ಎಸ್ ಕೋಡ್ ಅಲ್ಲ, ಆಸ್ಟಿಯೋಪೊರೋಸಿಸ್ ಮುರಿತದ ಎಂ80. ಇಲ್ಲಿ ಎಂ80.08ಎಕ್ಸ್‌ಎ ಆಗಬೇಕಿತ್ತು.

ಅದೇ ಚಾರ್ಟನ್ನು ಆಮೇಲೆ ಪುಸ್ತಕದಲ್ಲಿ ಹುಡುಕಿದೆ. ಇಂಡೆಕ್ಸ್‌ನಲ್ಲೇ ಫ್ರ್ಯಾಕ್ಚರ್‌ಗೆ ಎರಡು ಕವಲು, ಟ್ರಾಮಾಟಿಕ್ (ಪೆಟ್ಟಿನಿಂದಾದದ್ದು) ಒಂದು, ಪ್ಯಾಥಲಾಜಿಕಲ್ (ಕಾಯಿಲೆಯಿಂದ ಮೂಳೆ ದುರ್ಬಲವಾಗಿ ಆದದ್ದು) ಒಂದು. ಯಾವ ಕಡೆ ಅಂತ ತಿಳಿಯೋಕೆ ಚಾರ್ಟಿಗೆ ವಾಪಸ್ ಹೋಗಲೇಬೇಕು, ಅಲ್ವಾ? ಹೊತ್ತು ಜಾಸ್ತಿ ಹಿಡಿಯಿತು, ಆದರೆ ಅಲ್ಲಿ ತಪ್ಪಲಿಲ್ಲ.

ಎನ್‌ಕೋಡರ್ ಇವೆರಡರ ನಡುವೆ. ಪ್ರಶ್ನೆ ಕೇಳುತ್ತಾ ಹೋಗುತ್ತೆ: ಯಾವ ಮೂಳೆ, ವೆಡ್ಜಾ, ಬರ್ಸ್ಟಾ (ಒತ್ತಡಕ್ಕೆ ಮೂಳೆ ಒಡೆದು ಚೂರಾಗೋದು)? ಬರ್ಸ್ಟ್ ಆದರೆ ಸ್ಟೇಬಲ್ಲಾ, ಅನ್‌ಸ್ಟೇಬಲ್ಲಾ? ಡಾಕ್ಟರು ಬರೀ 'ಬರ್ಸ್ಟ್' ಅಂತ ಬರೆದಿದ್ದರೆ ಸಿಕ್ಕಿಬೀಳೋದು ಇಲ್ಲೇ. ಊಹೆ ಮಾಡಿ ತುಂಬುವ ಹಾಗಿಲ್ಲ, ಡಾಕ್ಟರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಬೇಕು.

ಚಿಕಿತ್ಸೆ ಯಾವ ಹಂತದಲ್ಲಿದೆ ಅಂತ ಹೇಳುವ, ಕೋಡಿನ ಕೊನೆಯ ಏಳನೇ ಅಕ್ಷರದಲ್ಲಂತೂ ಸೂಚಿಸುವ ಸಾಫ್ಟ್‌ವೇರನ್ನು ನಂಬೋದು ಬಿಟ್ಟಿದ್ದೇನೆ. ಬೆನ್ನಿಗೆ ಆಧಾರದ ಬ್ರೇಸ್ ಹಾಕಿಕೊಂಡು ಆರನೇ ವಾರ ಬರೀ ತೋರಿಸಿಕೊಳ್ಳೋಕೆ ಬಂದವರಿಗೂ 'ಎ' (ಮುಖ್ಯ ಚಿಕಿತ್ಸೆ ನಡೆಯುತ್ತಿರುವ ಹಂತ) ಹಾಕಿತ್ತು. ಆ ಮುಖ್ಯ ಚಿಕಿತ್ಸೆ ಮುಗಿದು ಮೂಳೆ ಸರಿಯಾಗಿ ಕೂಡಿಕೊಳ್ಳುತ್ತಿದ್ದರೆ ಅದು 'ಡಿ'.

ಈಗ ಕೈ ಕಾಲು ಮುರಿತಕ್ಕೆ ಸಾಫ್ಟ್‌ವೇರ್, ಬೆನ್ನುಮೂಳೆಗೆ ಎನ್‌ಕೋಡರ್. 60 ದಾಟಿದವರ ಚಾರ್ಟ್ ಆದರೆ ಪಕ್ಕದಲ್ಲಿ ಪುಸ್ತಕ ತೆರೆದೇ ಇರುತ್ತೆ. ಅಕ್ಟೋಬರ್ 1 ಬಂದರೆ ಕೋಡ್‌ಗಳು ಬದಲಾಗಿ ಅದು ಹಳತಾಗುತ್ತೆ, ಮತ್ತೆ ದುಡ್ಡು ಕೊಟ್ಟು ಹೊಸದು ತರಿಸಬೇಕು. ಹಳೇದನ್ನು ಅಮ್ಮ ಆಗಲೇ ಕೇಳಿಟ್ಟಿದ್ದಾಳೆ, ಉಪ್ಪಿನಕಾಯಿ ಭರಣಿಯ ಮೇಲೆ ಭಾರಕ್ಕೆ.