ಡೀಸೆಲ್ ಪ್ರೆಷರ್ ಟೆಸ್ಟ್ ಕಿಟ್ ರಿವ್ಯೂ: ಏರಲ್ಲಿ ನಿಲ್ಲಿಸಿದ್ರೆ ಬೆಳಿಗ್ಗೆ ಸ್ಟಾರ್ಟ್ ಆಗದ ಗಾಡಿ ಇರೋರಿಗೆ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ ಕೆಳಗೆ ಬರ್ದಿದೀನಿ. ಕಾಮನ್ ರೈಲ್ (ಪಂಪು ಒಂದೇ ಪೈಪಲ್ಲಿ, ಅಂದ್ರೆ ರೈಲಲ್ಲಿ, ಭಾರೀ ಪ್ರೆಷರ್ ಕಟ್ಟಿ ಅಲ್ಲಿಂದ ಎಲ್ಲಾ ಇಂಜೆಕ್ಟರಿಗೂ ಡೀಸೆಲ್ ಕೊಡೋ) ಡೀಸೆಲ್ ಗಾಡಿ ಇಟ್ಕೊಂಡು ಬಾಡಿಗೆ ಹೊಡಿಯೋರು, ಅದ್ರಲ್ಲೂ ನಮ್ಮ ಕೊಡಗಲ್ಲಿ ಮನೆ ಮುಂದೇನೂ ಏರು, ತೋಟದಲ್ಲೂ ಏರು ಅಂತ ಎಲ್ಲಿ ನಿಲ್ಲಿಸಿದ್ರೂ ಚಕ್ರಕ್ಕೆ ಕಲ್ಲು ಕೊಡ್ಬೇಕಾದ ಗತಿ ಇರೋರು ಇದನ್ನ ಧೈರ್ಯವಾಗಿ ತಗೋಬಹುದು. ರೇಟು ಒಂದ್ಸಲ ಟ್ಯಾಂಕ್ ಫುಲ್ ಮಾಡಿಸೋ ದುಡ್ಡಿಗಿಂತ ಕಮ್ಮಿ. ಬ್ರ್ಯಾಂಡ್ ಅಂತ ಏನಿಲ್ಲ, ಆನ್‌ಲೈನಲ್ಲಿ ಹತ್ತು ಹೆಸರಲ್ಲಿ ಇದೇ ನೀಲಿ ಡಬ್ಬಿ ಸಿಗತ್ತೆ.

ಡಬ್ಬಿ ಒಳಗೆ ಏನೇನಿದೆ ಅಂದ್ರೆ, 10 ಬಾರ್‌ವರೆಗೆ ತೋರ್ಸೋ ಒಂದು ಪ್ರೆಷರ್ ಗೇಜು, ಒಂದು ವ್ಯಾಕ್ಯೂಮ್ ಗೇಜು, ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರಿಂದ ವಾಪಸ್ ಹೋಗೋ ಡೀಸೆಲ್) ಅಳೆಯೋಕೆ ಗೆರೆ ಹಾಕಿರೋ ನಾಲ್ಕು ಸಣ್ಣ ಬಾಟ್ಲಿ, ಅದಕ್ಕೆ ಪೈಪು, ಪೈಪ್‌ನ ಲೈನಿಗೆ ಜೋಡಿಸೋ ಬ್ಯಾಂಜೋ ಅಡಾಪ್ಟರ್‌ಗಳು, ಮತ್ತೆ ಒಂದಷ್ಟು ಉದ್ದ ಟ್ರಾನ್ಸ್‌ಪರೆಂಟ್ ಪೈಪು. ನಂಬಿ, ಈ ಇಡೀ ಕಿಟ್‌ನಲ್ಲಿ ಜಾಸ್ತಿ ಕೆಲ್ಸಕ್ಕೆ ಬಂದಿದ್ದು ಆ ಪೈಪೇ. ಗೇಜು ನೋಡಕ್ಕೆ ಚೆಂದ, ಆದ್ರೆ ಕಳ್ಳನ್ನ ಹಿಡ್ಕೊಟ್ಟಿದ್ದು ಪೈಪು.

ನಮ್ಮದು ಸುಂಟಿಕೊಪ್ಪ ಕಡೆ, ಬಿಎಸ್ 4 ಗಾಡಿ, ನಾಲ್ಕು ಸಿಲಿಂಡರ್, 12 ವೋಲ್ಟ್. ಕಾಫಿ ಸೀಸನ್‌ನಲ್ಲಿ ತೋಟದಿಂದ ಕುಶಾಲನಗರದ ಕಾಫಿ ಸಿಪ್ಪೆ ತೆಗೆಯೋ ಕ್ಯೂರಿಂಗ್ ವರ್ಕ್ಸ್‌ಗೆ ಪಾರ್ಚ್‌ಮೆಂಟು, ಚೆರಿ ಮೂಟೆ ಹೊಡಿತೀವಿ, ಸೀಸನ್ ಮುಗಿದ್ಮೇಲೆ ಶುಂಠಿನೋ ಗೊಬ್ಬರನೋ ಸಿಕ್ಕಿದ್ದು. ಕಂಪ್ಲೇಂಟ್ ಏನಪ್ಪಾ ಅಂದ್ರೆ ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಕರ ಕರ ಅಂತ ತಿರುಗ್ತಾನೇ ಇರೋದು, ಹಿಡಿಯೋದೇ ಇಲ್ಲ, ಹ್ಯಾಂಡ್ ಪ್ರೈಮರ್ (ಲೈನಿಗೆ ಡೀಸೆಲ್ ತುಂಬ್ಸೋ ಕೈ ಪಂಪು) ಹೊಡೆದು ಹೊಡೆದು ಅದು ಗಟ್ಟಿ ಆದ್ಮೇಲೆ ಸ್ಟಾರ್ಟ್. ಒಂದ್ಸಲ ಸ್ಟಾರ್ಟ್ ಆದ್ರೆ ಇಡೀ ದಿನ ತೊಂದ್ರೆ ಇಲ್ಲ, ಆನೆಕಾಡು ಕಡೆ ಲೋಡಲ್ಲಿ ಹತ್ತುವಾಗ ಮಾತ್ರ ಒಂದೊಂದ್ಸಲ ಉಸಿರು ಕಟ್ಟಿದ ಹಾಗೆ ಮಾಡಿ ಚೆಕ್ ಲೈಟು ಬರೋದು. ತಮಾಷೆ ಅಂದ್ರೆ ಕುಶಾಲನಗರದಲ್ಲಿ ರಾತ್ರಿ ಹಾಲ್ಟ್ ಮಾಡಿದ್ರೆ ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್! ನಮ್ಮ ಡ್ರೈವರು "ಅಣ್ಣಾ, ಮೇಲೆ ಚಳಿ ಜಾಸ್ತಿ ಅಲ್ವಾ, ಡೀಸೆಲ್ ಗಟ್ಟಿ ಆಗ್ತಿರ್ಬೇಕು" ಅಂದ. ಈ ಮಾತು ಸುಮಾರು ಜನ ಹೇಳ್ತಾರೆ. ನಮ್ಮ ಚಳಿಗೆ ಡೀಸೆಲ್ ಗಟ್ಟಿ ಆಗಲ್ಲ ಮಾರಾಯ್ರೆ, ಲಡಾಖ್‌ನಂಥ ಕಡೆಗೆ ಇಂಡಿಯನ್ ಆಯಿಲ್‌ನೋರು 2019ರಲ್ಲಿ ಮೈನಸ್ 33 ಡಿಗ್ರಿಲೂ ಹರಿಯೋ ಡೀಸೆಲ್ ಬಿಟ್ಟಿದ್ದು, ಮಡಿಕೇರಿ ಜನವರಿಗೆ ಅದರ ಅಗತ್ಯ ಏನಿಲ್ಲ.

ಒಂದು ಡೀಸೆಲ್ ಶಾಪ್‌ಗೆ ತಗೊಂಡು ಹೋದ್ವಿ, ಯಾವ ಊರು ಯಾರು ಅಂತ ಬೇಡ. ಸ್ಕ್ಯಾನರ್ ಹಾಕಿದ್ರು, ಪಿ0087 ಕೋಡ್ ಬಂತು, ಅಂದ್ರೆ ರೈಲ್ ಪ್ರೆಷರ್ ಕಮ್ಮಿ ಅಂತ. ತಕ್ಷಣ "ಪಂಪ್ ಹೋಗಿದೆ ಸಾರ್, ನಾಲ್ಕು ನಾಝಲ್‌ನೂ ಮಾಡಿಸ್ಬಿಡಿ" ಅಂತ ಎಸ್ಟಿಮೇಟ್ ಬರ್ಕೊಟ್ರು, ನಾಝಲ್ ಅಂದ್ರೆ ಇಂಜೆಕ್ಟರೇ. ಆ ಎಸ್ಟಿಮೇಟ್ ದುಡ್ಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಬರತ್ತೆ. ಟ್ಯಾಂಕ್ ಕಡೆ ಯಾರೂ ಬಗ್ಗಿ ಕೂಡ ನೋಡ್ಲಿಲ್ಲ, ನಂಗೆ ಉರಿದಿದ್ದು ಅದು. ಕೋಡ್ ಪ್ರೆಷರ್ ಕಮ್ಮಿ ಅಂತಷ್ಟೇ ಹೇಳತ್ತೆ, ಯಾಕೆ ಕಮ್ಮಿ ಅಂತ ಹೇಳಲ್ಲ. ಫಿಲ್ಟರ್ ಕಟ್ಟಿದ್ರೂ ಅದೇ ಕೋಡು, ಲೈನು ಏರ್ (ಗಾಳಿ) ಎಳೆದ್ರೂ ಅದೇ, ಇಂಜೆಕ್ಟರ್ ರಿಟರ್ನ್ ಜಾಸ್ತಿ ಬಿಟ್ರೂ, ಪಂಪಿಗೆ ಎಷ್ಟು ಡೀಸೆಲ್ ಬಿಡ್ಬೇಕು ಅಂತ ನೋಡೋ ಮೀಟರಿಂಗ್ ಯೂನಿಟ್ ಸಿಕ್ಕಾಕೊಂಡ್ರೂ ಅದೇ. ಅದಕ್ಕೇ ಈ ಕಿಟ್ ತರಿಸಿದ್ದು.

ಗೊತ್ತಿಲ್ಲದೋರಿಗೆ ಒಂದ್ಮಾತು. ಕಾಮನ್ ರೈಲ್ ಗಾಡಿಲಿ ಸೆಲ್ಫ್ ಹೊಡೆಯುವಾಗ ರೈಲಲ್ಲಿ ಒಂದು ಮಟ್ಟದ ಪ್ರೆಷರ್, ಅಂದಾಜು 200 ಬಾರ್ ಅಂತ ಇಟ್ಕೊಳ್ಳಿ, ಗಾಡಿಯಿಂದ ಗಾಡಿಗೆ ಆಚೀಚೆ, ಅಷ್ಟು ಬರೋ ತನಕ ಈಸಿಯು (ಎಂಜಿನ್ ಕಂಪ್ಯೂಟರ್) ಇಂಜೆಕ್ಟರ್ ಓಪನ್ನೇ ಮಾಡ್ಸಲ್ಲ. ಆಗ ಎಂಜಿನ್ ಚೆನ್ನಾಗಿ ತಿರುಗತ್ತೆ ಆದ್ರೆ ಸೈಲೆನ್ಸರ್‌ನಲ್ಲಿ ಹೊಗೆ ಬರಲ್ಲ. ಹೊಗೆ ಬರ್ತಾ ಇದ್ದು ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಡೀಸೆಲ್ ಒಳಗೆ ಹೋಗ್ತಿದೆ, ಕಂಪ್ರೆಷನ್ನೋ ಹೀಟರ್ರೋ ಬೇರೆ ಕಥೆ. ಹೊಗೆನೇ ಇಲ್ಲ ಅಂದ್ರೆ ಡೀಸೆಲ್ ದಾರಿ ಹುಡುಕಿ. ಅದಕ್ಕೂ ಮೊದ್ಲು ಬ್ಯಾಟರಿ ನೋಡಿ, ಸೆಲ್ಫ್ ಹೊಡೆಯುವಾಗ 12 ವೋಲ್ಟ್ ಗಾಡಿಲಿ ಒಂಬತ್ತೂವರೆಗಿಂತ ಕೆಳಗೆ ಬೀಳ್ತಿದ್ರೆ ಎಂಜಿನ್ ನಿಧಾನ ತಿರುಗತ್ತೆ, ಪಂಪೂ ನಿಧಾನ ತಿರುಗತ್ತೆ, ಪ್ರೆಷರ್ ಎಲ್ಲಿಂದ ಬರ್ಬೇಕು.

ಈ ಕಿಟ್‌ನ ಗೇಜು ರೈಲ್ ಪ್ರೆಷರ್ ನೋಡಕ್ಕೆ ಅಲ್ಲ, ಇದನ್ನ ದಯವಿಟ್ಟು ಎರಡು ಸಲ ಓದಿ. ರೈಲಲ್ಲಿ ಓಡುವಾಗ ಸಾವಿರದ ಮೇಲೆ ಬಾರ್ ಇರತ್ತೆ, ಇದು 10 ಬಾರ್ ಗೇಜು. ಟ್ಯಾಂಕಿಂದ ಪಂಪಿನ ಬಾಯಿವರೆಗಿನ ಲೋ ಪ್ರೆಷರ್ ಲೈನಿಗೆ ಮಾತ್ರ. ರೈಲ್ ಪ್ರೆಷರ್ ನೋಡಕ್ಕೆ ಬೇರೆ ಬ್ಲೂಟೂತ್ ಸ್ಕ್ಯಾನರ್ ತಗೊಂಡಿದ್ದೆ, ಫೋನಲ್ಲಿ ಲೈವ್ ತೋರ್ಸತ್ತೆ. ಇನ್ನೊಂದು, ಹಳೇ ಗಾಡಿಲಿ ನಾಝಲ್ ನಟ್ ಲೂಸ್ ಮಾಡಿ ಸೆಲ್ಫ್ ಹೊಡೆದು ಏರ್ ತೆಗಿತಿದ್ರಲ್ಲ, ಅದನ್ನ ಕಾಮನ್ ರೈಲ್‌ನಲ್ಲಿ ಮಾಡೋ ಹಾಗೇ ಇಲ್ಲ. ಆ ಪ್ರೆಷರಲ್ಲಿ ಡೀಸೆಲ್ ಗ್ಲೌಸ್ ಹಾಕಿದ್ರೂ ಚರ್ಮದ ಒಳಗೆ ನುಗ್ಗತ್ತೆ, ನೋಡಕ್ಕೆ ಸೂಜಿ ಚುಚ್ಚಿದ ಹಾಗೆ ಇರತ್ತೆ, ಆದ್ರೆ ಕೈಯೇ ಹೋಗ್ಬಹುದು, ಆ ಥರ ಆದ್ರೆ ನೋವಿಲ್ಲ ಅಂತ ಮನೇಲಿ ಕೂರ್ದೆ ನೇರ ಆಸ್ಪತ್ರೆಗೆ.

ಸರಿ, ಟೆಸ್ಟ್‌ಗೆ ಬರೋಣ. ಬೆಳಿಗ್ಗೆ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆದ್ರೆ ಪ್ರೆಷರ್ ನೂರರ ಆಸುಪಾಸಲ್ಲೇ ತೆವಳ್ತಾ ಇತ್ತು, ಪ್ರೈಮರ್ ಹೊಡೆದು ಟ್ರೈ ಮಾಡಿದ್ರೆ 250 ದಾಟಿ ಹಾರ್ತು, ಗಾಡಿ ಹಿಡೀತು. ಪಂಪ್ ಸತ್ತಿದ್ರೆ ಪ್ರೈಮರ್ ಹೊಡೆದ ಮಾತ್ರಕ್ಕೆ ಎದ್ದು ಕೂರತ್ತಾ? ಡೌಟ್ ಬಂದಿದ್ದು ಇಲ್ಲೇ. ಆದ್ರೂ ಇಂಜೆಕ್ಟರ್ ನೋಡ್ಬಿಡೋಣ ಅಂತ ರಿಟರ್ನ್ ಪೈಪ್ ಬಿಚ್ಚಿ ನಾಲ್ಕಕ್ಕೂ ಬಾಟ್ಲಿ ಹಾಕಿದ್ವಿ, ಆ ಕಡೆ ರಿಟರ್ನ್ ಲೈನ್ ಬಾಯಿ ಮುಚ್ಚಿ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಟ್ರೆ ನಾಲ್ಕು ಬಾಟ್ಲೀಲೂ ಹೆಚ್ಚು ಕಮ್ಮಿ ಒಂದೇ ಮಟ್ಟ. ಒಂದು ಬಾಟ್ಲೀಲಿ ಮಾತ್ರ ಬೇರೆದಕ್ಕಿಂತ ಎರಡು ಮೂರು ಪಟ್ಟು ತುಂಬಿದ್ರೆ ಆ ಇಂಜೆಕ್ಟರ್ ಒಳಗೇ ಸೋರ್ತಿದೆ, ಪಂಪ್ ಕಟ್ಟಿದ ಪ್ರೆಷರ್‌ನ ಅದೇ ಕುಡಿತಿದೆ ಅಂತ ಅರ್ಥ. ನಮ್ಮದ್ರಲ್ಲಿ ಹಾಗಿರ್ಲಿಲ್ಲ, ಎಸ್ಟಿಮೇಟಲ್ಲಿ ನಾಲ್ಕು ನಾಝಲ್ ಲೈನು ಅಲ್ಲೇ ಹೊಡೆದು ಹಾಕ್ದೆ. ಪೀಜೋ ಇಂಜೆಕ್ಟರ್ (ಕಾಯಿಲ್ ಬದ್ಲು ಪೀಜೋ ಕ್ರಿಸ್ಟಲಲ್ಲಿ ಓಪನ್ ಆಗೋದು) ಇರೋ ಗಾಡಿಗೆ ಈ ಬಾಟ್ಲಿ ಟೆಸ್ಟ್ ಬೇಡ, ಅದರ ರಿಟರ್ನ್ ಲೈನಲ್ಲೇ ಪ್ರೆಷರ್ ನಿಲ್ಬೇಕು.

ವ್ಯಾಕ್ಯೂಮ್ ಗೇಜು ಫಿಲ್ಟರ್ ಆದ್ಮೇಲೆ ಪಂಪಿನ ಮೊದ್ಲು ಹಾಕೋದು, ನಮ್ಮ ಗಾಡಿಲಿ ಟ್ಯಾಂಕ್ ಒಳಗೆ ಎಲೆಕ್ಟ್ರಿಕ್ ಪಂಪ್ ಇಲ್ಲ, ಮೇನ್ ಪಂಪೇ ಎಳ್ಕೊಳ್ಳೋದು, ಅದಕ್ಕೆ ವ್ಯಾಕ್ಯೂಮ್ ನೋಡ್ಬೇಕು. ಫಿಲ್ಟರ್ ಕಟ್ಟಿದ್ರೆ ಮುಳ್ಳು ಜಾಸ್ತಿ ಹೋಗತ್ತೆ. ನಮ್ಮದು ನಾರ್ಮಲ್. ಟ್ಯಾಂಕಲ್ಲಿ ಎಲೆಕ್ಟ್ರಿಕ್ ಪಂಪ್ ಇರೋ ಗಾಡಿಗೆ ಪ್ರೆಷರ್ ಗೇಜ್ ಹಾಕಿ, ಎಷ್ಟು ಬರ್ಬೇಕು ಅಂತ ಆ ಗಾಡಿ ಮ್ಯಾನ್ಯುಯಲ್ ನೋಡಿ.

ಆಮೇಲೆ ಪೈಪಿನ ಆಟ. ಫಿಲ್ಟರಿಗೂ ಪಂಪಿಗೂ ಮಧ್ಯೆ ಟ್ರಾನ್ಸ್‌ಪರೆಂಟ್ ಪೈಪ್ ಹಾಕಿ ಡ್ರೈವರ್‌ಗೆ ಸೆಲ್ಫ್ ಹೊಡಿ ಅಂದೆ, ಕೆಳಗೆ ಟಾರ್ಚ್ ಹಿಡ್ಕೊಂಡು ಮಲಗಿ ನೋಡಿದ್ರೆ ಡೀಸೆಲ್ ಜೊತೆ ಸಾಸಿವೆ ಕಾಳಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು, ನಡುವೆ ಒಂದೊಂದು ಉದ್ದ ಖಾಲಿ ಗ್ಯಾಪು. ಪೈಪನ್ನ ಫಿಲ್ಟರ್ ಮೊದ್ಲು ಹಾಕಿದ್ವಿ, ಅಲ್ಲೂ ಗುಳ್ಳೆ. ಡೀಸೆಲಿಂದ ನೀರು ಬೇರೆ ಮಾಡೋ ವಾಟರ್ ಸೆಪರೇಟರಿಗಿಂತ ಹಿಂದೆ, ಟ್ಯಾಂಕ್ ಕಡೆ ಹಾಕಿದ್ವಿ, ಒಂದೂ ಗುಳ್ಳೆ ಇಲ್ಲ, ಕ್ಲೀನ್. ಅಲ್ಲಿಗೆ ಜಾಗ ಸಿಕ್ತು, ಸೆಪರೇಟರಿಂದ ಹೊರಗೆ ಬರೋ ರಬ್ಬರ್ ಪೈಪು. ಮೇಲಿಂದ ನೋಡಿದ್ರೆ ಏನೂ ಇಲ್ಲ, ಒಂದು ಹನಿ ಡೀಸೆಲ್ ಸೋರಿಲ್ಲ, ಕ್ಲಾಂಪ್ ಬಿಚ್ಚಿ ಬಗ್ಗಿಸಿದ್ರೆ ಬಾಯಿ ಹತ್ರ ಒಣಗಿದ ಕಿತ್ತಳೆ ಸಿಪ್ಪೆ ಥರ ಬಿರುಕು. ಎಳೆಯೋ ಲೈನಲ್ಲಿ ತೂತಾದ್ರೆ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗತ್ತೆ, ಅದಕ್ಕೇ ಕಣ್ಣಿಗೆ ಕಾಣಲ್ಲ.

ಏರಲ್ಲಿ ನಿಲ್ಲಿಸಿದ್ರೆ ಮಾತ್ರ ತೊಂದ್ರೆ ಬರೋ ಗುಟ್ಟೂ ಅದೇ. ಮನೆ ಹತ್ರ ಮೂತಿ ಮೇಲೆ ಮಾಡಿ ನಿಲ್ಲಿಸ್ತಿದ್ವಿ, ಟ್ಯಾಂಕ್ ಹಿಂದೆ ತಗ್ಗಲ್ಲಿ, ಎಂಜಿನ್ ಎತ್ತರದಲ್ಲಿ. ರಾತ್ರಿ ಆ ಬಿರುಕಲ್ಲಿ ಗಾಳಿ ಹೊಕ್ಕಿ ಲೈನಲ್ಲಿದ್ದ ಡೀಸೆಲ್ ಎಲ್ಲ ವಾಪಸ್ ಟ್ಯಾಂಕಿಗೆ ಇಳಿಯೋದು, ಬೆಳಿಗ್ಗೆ ಪಂಪಿಗೆ ಬರೀ ಗಾಳಿ. ಕುಶಾಲನಗರದ ಸಪಾಟಲ್ಲಿ ಅಷ್ಟು ಇಳಿಯಲ್ಲ. ನಿಮ್ಮ ಗಾಡಿಗೂ ಈ ಥರ ಇದ್ರೆ ಕಿಟ್ ತರಿಸೋಕೆ ಮೊದ್ಲು ಒಂದು ರಾತ್ರಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ ನೋಡಿ, ಬೆಳಿಗ್ಗೆ ಟಪ್ ಅಂತ ಸ್ಟಾರ್ಟ್ ಆದ್ರೆ ಏರ್ ಎಳೀತಿದೆ ಅನ್ನೋ ಡೌಟ್ ಗಟ್ಟಿ. ಆಗ ಲೀಕ್ ಇರೋ ಜಾಗದಲ್ಲಿ ಡೀಸೆಲ್ ಜಿನುಗಿ ಧೂಳು ಅಂಟ್ಕೊಂಡಿರೋದೂ ಕಾಣ್ಬಹುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಪೈಪೂ ಎರಡು ಕ್ಲಾಂಪೂ ಬದಲಾಯಿಸಿದ್ವಿ, ಆ ಬಿಲ್ಲಿಗಿಂತ ಆವತ್ತಿನ ಟೀ ತಿಂಡಿ ಬಿಲ್ ಜಾಸ್ತಿ. ಗಾಡಿ ಈಗ ಏರಲ್ಲಿ ನಿಂತಿದ್ರೂ ಒಂದೇ ಸೆಲ್ಫಿಗೆ, ಆನೆಕಾಡಲ್ಲಿ ಚೆಕ್ ಲೈಟೂ ಇಲ್ಲ.

ಇದೇ ಕೆಲ್ಸದ ಮಧ್ಯೆ ಸೆಪರೇಟರ್ ಕೆಳಗಿನ ನಲ್ಲಿ ಬಿಟ್ರೆ ಸುಮಾರು ನೀರು ಬಂತು. ತೋಟದೋರು ಬ್ಲಾಸಮ್‌ಗೆ (ಕಾಫಿ ಹೂ ಅರಳೋಕೆ) ಸ್ಪ್ರಿಂಕ್ಲರ್ ಹೊಡೆಯೋ ಪಂಪ್‌ಸೆಟ್‌ಗೆ ಅಂತ ಡ್ರಮ್ಮಲ್ಲಿ ಡೀಸೆಲ್ ಇಟ್ಟಿರ್ತಾರಲ್ಲ, ಬಾಡಿಗೆ ಬದ್ಲು ಅದನ್ನೇ ಹಾಕ್ಕೊಳ್ಳಿ ಅಂತ ಕೊಡ್ತಾರೆ. ನಿಲ್ಸಿಟ್ಟ ಡ್ರಮ್ಮಿನ ತಲೆ ಮೇಲೆ ಮಳೆ ನೀರು ನಿಲ್ಲತ್ತೆ, ರಾತ್ರಿ ತಣ್ಣಗಾದಾಗ ಬಿರಡೆ ಸಂದಿಂದ ಒಳಗೆ ಎಳ್ಕೊಳ್ಳತ್ತೆ, ನಮ್ಮ ಜೂನ್ ಜುಲೈ ಮಳೆ ಕೇಳ್ಬೇಕಾ. ಕಾಮನ್ ರೈಲ್ ಪಂಪಿಗೆ ಆ ಡೀಸೆಲ್ ವಿಷ, ಅದರ ಒಳಗಿನ ಪಾರ್ಟ್ಸಿಗೆ ಡೀಸೆಲ್ಲೇ ಆಯಿಲ್. ಫಿಲ್ಟರ್ ಬದಲಾಯಿಸುವಾಗ ಅದೇ ಡೀಸೆಲ್‌ನ ಹೊಸ ಫಿಲ್ಟರ್ ನಡುತೂತಿಗೆ ಸುರಿಯೋರೂ ಇದಾರೆ, ಅದು ಸೋಸಿ ಬಂದ ಕಡೆ ಸ್ವಾಮಿ, ಅಲ್ಲಿ ಹಾಕಿದ ಕಸ ಸೀದಾ ಪಂಪಿಗೆ. ಖಾಲಿ ಹಾಕಿ ಪ್ರೈಮರ್ ಹೊಡಿರಿ, ಕೈ ನೋಯತ್ತೆ ಅಷ್ಟೇ.

ಕಿಟ್‌ನ ಕೆಟ್ಟದ್ದು ಈಗ. ಡಬ್ಬಿ ಲಾಚ್ ಬೇಗನೇ ಮುರಿದೋಯ್ತು, ಈಗ ಟ್ಯೂಬ್ ಕಟ್ ಮಾಡಿ ಕಟ್ಟಿದೀನಿ. ಜೊತೆಗೆ ಕೊಡೋ ಕ್ಲಾಂಪ್‌ಗಳು ದಂಡ, ಅವನ್ನೇ ಹಾಕಿ ಟೆಸ್ಟ್ ಮಾಡಿದ್ರೆ ಕ್ಲಾಂಪ್ ಸಂದಿಯಲ್ಲೇ ಏರ್ ಹೋಗಿ ಇಲ್ಲದ ಗುಳ್ಳೆ ಕಾಣ್ಸತ್ತೆ, ಒಳ್ಳೇ ಸ್ಕ್ರೂ ಕ್ಲಾಂಪ್ ಬೇರೆ ತಗೊಳ್ಳಿ. ಬಾಟ್ಲಿ ಮೇಲಿನ ಗೆರೆಗಳು ಡೀಸೆಲ್ ತಾಗಿ ಅಳಿಸ್ತಾ ಇವೆ, ಬ್ಲೇಡಲ್ಲಿ ಗೀರ್ಕೊಂಡಿದೀನಿ. ಮ್ಯಾನ್ಯುಯಲ್ ಅಂತ ಒಂದು ಚೀಟಿ ಇದೆ, ಅದನ್ನ ಓದಿ ಯಾರಿಗೂ ಏನೂ ಅರ್ಥ ಆಗಲ್ಲ.

24 ವೋಲ್ಟ್ ದೊಡ್ಡ ಗಾಡಿಯೋರಿಗೆ ಗೇಜು, ಪೈಪು ಎಲ್ಲ ನಡಿಯತ್ತೆ, ಬಾಟ್ಲಿ ಮಾತ್ರ ಆರು ಬೇಕಾಗತ್ತೆ, ಆರು ಸಿಲಿಂಡರ್ ಸೆಟ್ ಬೇರೆ ಬರತ್ತೆ. ಆದ್ರೆ ಕಾರಿಗೆ ಅಂತ ಮಾರೋ ಚೀಪ್ ಬ್ಲೂಟೂತ್ ಸ್ಕ್ಯಾನರ್‌ನ 24 ವೋಲ್ಟ್ ಗಾಡಿಗೆ ಚುಚ್ಬೇಡಿ, ಸುಟ್ಟು ಹೋಗ್ಬಹುದು, 24 ವೋಲ್ಟ್ ತಡಿಯತ್ತೆ ಅಂತ ಬರ್ದಿರೋದೇ ನೋಡಿ ತಗೊಳ್ಳಿ. ಬ್ಯಾಂಜೋಗೆ ಹಾಕೋ ಕಾಪರ್ ವಾಷರ್ ಡಬ್ಬಿಲಿ ಕಮ್ಮಿ ಕೊಟ್ಟಿರ್ತಾರೆ, ಬಿಚ್ಚಿದಾಗೆಲ್ಲ ಹೊಸದು ಹಾಕ್ಬೇಕು, ಸ್ಪೇರ್ಸ್ ಅಂಗಡೀಲಿ ನಿಮ್ಮ ಗಾಡಿ ಸೈಜಿಂದು ಒಂದು ಹಿಡಿ ಕೊಂಡು ಡಬ್ಬಿ ಒಳಗೇ ಹಾಕಿಟ್ಕೊಳ್ಳಿ.