1923ರ ಜರ್ಮನ್ ಸ್ಟಾಂಪು ತಗೊಳ್ಳುವವರೇ, ಸೀಲಿನ ತಾರೀಕು ಓದದೆ ದುಡ್ಡು ಕೊಡಬೇಡಿ

ಹೊಟ್ಟೆ ಉರಿಯುತ್ತಿದೆ. ಹದಿನೈದು ವರ್ಷದಿಂದ ಸ್ಟಾಂಪು ಕೂಡಿಡುತ್ತಿರುವ ನಾನೇ ಹೀಗೆ ಮೋಸ ಹೋದೆನಲ್ಲ ಅಂತ ನಾಚಿಕೆ ಬೇರೆ.

ಇಲ್ಲೇ ಜರ್ಮನಿಯ ಲೈಪ್ಜಿಗ್‌ನಲ್ಲಿ, ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ, ಅಂಚೆ ಸೀಲು ಬಿದ್ದ ಆರು ಇನ್‌ಫ್ಲೇಷನ್ ಸ್ಟಾಂಪು, ಅಂದರೆ ಜರ್ಮನಿಯಲ್ಲಿ ಬೆಲೆ ಹುಚ್ಚಾಪಟ್ಟೆ ಏರಿ ಮಾರ್ಕಿಗೆ ಬೆಲೆಯೇ ಇಲ್ಲದಂತಾದ ಕಾಲದವು, ತಗೊಂಡೆ. 180 ಯೂರೋ! ಆ ಕಾಲದ ಹೊಸ, ಅಂದರೆ ಬಳಸದೇ ಉಳಿದ, ಸ್ಟಾಂಪು ರಾಶಿ ರಾಶಿ ಸಿಗುತ್ತದೆ, ಚಿಲ್ಲರೆ ಕಾಸಿಗೆ. ಅಂಚೆ ದರ ಏರುತ್ತಲೇ ಇತ್ತು, ಇವತ್ತು ಅಚ್ಚಾದದ್ದು ನಾಳೆಗೆ ಸಾಲದು. ನಿಜವಾಗಿ ಕಾಗದದ ಮೇಲೆ ಹೋಗಿ ಬಂದದ್ದಕ್ಕೇ ಎಷ್ಟೋ ಸಲ ಬೆಲೆ ಜಾಸ್ತಿ. ಅದಕ್ಕೇ ಅಗ್ಗದ ಹೊಸದಕ್ಕೆ ಸುಳ್ಳು ಸೀಲು ಒತ್ತುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ತಗೊಂಡೆ! "ಎಲ್ಲಾ ಪರೀಕ್ಷೆ ಆಗಿದೆ" ಅಂದರು ಮಾರುವವರು, ನಂಬಿಬಿಟ್ಟೆ.

ಮನೆಗೆ ಬಂದು ಭೂತಗನ್ನಡಿ ಹಿಡಿದೆ. 50 ಮಿಲಿಯಾರ್ಡನ್, ಅಂದರೆ 5,000 ಕೋಟಿ ಮಾರ್ಕಿನ ಸ್ಟಾಂಪು. ಸೀಲಿನ ತಾರೀಕು 14.8.23. ಆಗಸ್ಟ್! ಆಗ ಬೇರೆ ಊರಿಗೆ ಒಂದು ಮಾಮೂಲಿ ಕಾಗದ ಕಳಿಸಲು 1,000 ಮಾರ್ಕ್ ಸಾಕಿತ್ತು. ಈ ಸ್ಟಾಂಪು ಹುಟ್ಟಿದ್ದೇ ನವೆಂಬರಿನಲ್ಲಿ. ಕೈ ತಣ್ಣಗಾಯಿತು. ಮಿಕ್ಕವನ್ನು ತಿರುಗಿಸಿ ನೋಡಿದೆ, ಮೂರರ ಹಿಂದೆ ಗೋಂದು ಹೊಳೆಯುತ್ತಾ ಹಾಗೇ ಕೂತಿದೆ. ಕಾಗದಕ್ಕೆ ಅಂಟಿಸಿದ್ದ ಸ್ಟಾಂಪಿನ ಗೋಂದು ಹೀಗಿರುತ್ತದಾ?

ಮುಂದಿನ ಭಾನುವಾರ ಹೋಗಿ ಕೇಳಿದೆ. ಮೊದಲ ಉತ್ತರ: "ಅಂಚೆಯವರೇ ತಾರೀಕು ತಪ್ಪು ಹಾಕಿರಬಹುದು." ಮೂರು ತಿಂಗಳು ತಪ್ಪಾ? ಆಮೇಲೆ, "ಯಾರೋ ತೀರಿಕೊಂಡವರ ಆಲ್ಬಮ್ಮು ಸ್ವಾಮಿ, ನನಗೇನು ಗೊತ್ತು." ಪರೀಕ್ಷೆ ಆಗಿದೆ ಅಂದಿರಲ್ಲ ಅಂದೆ. "ಹಾಗೆ ಹೇಳಿಲ್ಲ." ಮುಖಕ್ಕೆ ಮುಖ ಕೊಟ್ಟು ಹೇಳಿದರು, ಹಾಗೆ ಹೇಳಿಲ್ಲವಂತೆ! ಕೊನೆಗೆ, "ನೀವೇ ನೋಡಿ ತಗೊಂಡಿರಲ್ಲ." ಪಕ್ಕದ ಅಂಗಡಿಯವರು ನನ್ನನ್ನೇ ತಕರಾರಿನವನ ಹಾಗೆ ನೋಡುತ್ತಿದ್ದರು. ಒಂದು ಯೂರೋ ವಾಪಸ್ ಬರಲಿಲ್ಲ.

ಬಾಯಿ ಮಾತು ಯಾವನದ್ದೂ ನಂಬಬೇಡಿ. ಹಿಂಬದಿಯಲ್ಲಿ ಇನ್‌ಫ್ಲಾ ಬರ್ಲಿನ್ ಅನ್ನುವ, ಈ ಕಾಲದ ಸ್ಟಾಂಪು ಕೂಡಿಡುವವರ ಸಂಘದ ಪರೀಕ್ಷಕರ ಪುಟ್ಟ ಮುದ್ರೆ ಇದೆಯಾ, ಅದನ್ನು ನೋಡಿ. ಮುದ್ರೆ ಇಲ್ಲದಿದ್ದರೆ ಹೊಸದರ ಬೆಲೆಗಿಂತ ಒಂದು ಕಾಸೂ ಹೆಚ್ಚು ಕೊಡಬೇಡಿ. ತಾರೀಕು ಓದಲಾಗದ ಅರ್ಧ ಸೀಲಾದರೆ ಮುಟ್ಟಲೇಬೇಡಿ.

ನನ್ನ ಆರೂ ಕವರಿನಲ್ಲಿವೆ. ನಾಳೆ ಇನ್ಯಾರಿಗೋ ಅಸಲಿ ಅಂತ ಹೋಗಬಾರದಲ್ಲ, ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ "ಫಾಲ್ಷ್", ಅಂದರೆ ಜರ್ಮನ್‌ನಲ್ಲಿ ನಕಲಿ, ಅಂತ ಬರೆದಿಟ್ಟಿದ್ದೇನೆ.