ಹಳೆಯ ಕಾರಿನ ಒಡೆದ ಟ್ರಿಮ್‌ಗೆ ನಾಲ್ಕು ದುರಸ್ತಿಗಳು: ನಾನು ಮಾಡಿ ನೋಡಿದ ಹೋಲಿಕೆ

ಹಳೆಯ ಕಾರಿನ ಟ್ರಿಮ್, ಅಂದರೆ ಒಳಭಾಗದ ಪ್ಲಾಸ್ಟಿಕ್ ಹೊದಿಕೆ, ಹೆಚ್ಚಾಗಿ ಒಡೆಯುವುದು ಓಡಿಸುವಾಗಲ್ಲ, ಬಿಚ್ಚುವಾಗ. ದಶಕಗಳ ಕಾಲ ಬಿಸಿಲುಂಡ ಪ್ಲಾಸ್ಟಿಕ್ ನೋಡಲು ಗಟ್ಟಿಮುಟ್ಟಾಗಿಯೇ ಇದ್ದರೂ ಬಾಗುವ ಗುಣವನ್ನು ಕಳೆದುಕೊಂಡಿರುತ್ತದೆ. ನನ್ನ ಕಾರಿನ ವೈರಿಂಗ್ ಸರಿಪಡಿಸಲು ಹೊರಟಾಗ ಮೀಟರುಗಳ ಸುತ್ತಲಿನ ಚೌಕಟ್ಟು, ಗೇರ್ ಬಳಿಯ ಕನ್ಸೋಲ್ ಮತ್ತು ಬಾಗಿಲ ಕಂಬದ ಹೊದಿಕೆ ಹೀಗೆಯೇ ಬಿರುಕುಬಿಟ್ಟವು. ಇವುಗಳ ತಯಾರಿಕೆ ಎಂದೋ ನಿಂತುಹೋಗಿದ್ದರಿಂದ ದುರಸ್ತಿಯೊಂದೇ ದಾರಿಯಾಗಿತ್ತು. ಹಾಗಾಗಿ ನಾಲ್ಕು ವಿಧಾನಗಳನ್ನು ಮೊದಲು ಒಡೆದ ಚೂರುಗಳ ಮೇಲೂ ಆಮೇಲೆ ಈ ಭಾಗಗಳ ಮೇಲೂ ಪ್ರಯೋಗಿಸಿದೆ.

ಅಂಟು ಆರಿಸುವ ಮೊದಲು ಪ್ಲಾಸ್ಟಿಕ್ ಯಾವುದೆಂದು ತಿಳಿಯಬೇಕು. ಈಚಿನ ಭಾಗಗಳ ಹಿಂಬದಿಯಲ್ಲಿ ಅದರ ಹೆಸರು ಅಚ್ಚಾಗಿರುತ್ತದೆ. ಹಳೆಯವುಗಳಲ್ಲಿ ಅನೇಕ ವೇಳೆ ಇರುವುದಿಲ್ಲ. ಇಂಥ ಭಾಗಗಳಲ್ಲಿ ಸಾಮಾನ್ಯವಾಗಿ ಸಿಗುವ ಎರಡು ಪ್ಲಾಸ್ಟಿಕ್‌ಗಳು ಪಾಲಿಪ್ರೊಪಿಲೀನ್ ಮತ್ತು ಎಬಿಎಸ್. ಚೂರೊಂದನ್ನು ನೀರಿಗೆ ಹಾಕಿದರೆ ಪಾಲಿಪ್ರೊಪಿಲೀನ್ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಆದರೆ ಟಾಲ್ಕ್ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ ಕೂಡ ಮುಳುಗಬಹುದಾದ್ದರಿಂದ ನಾನು ಅಸಿಟೋನ್ ಎಂಬ ದ್ರಾವಕದ ಪರೀಕ್ಷೆಯನ್ನೇ ಹೆಚ್ಚು ನಂಬುತ್ತೇನೆ: ಕಾಣದ ಅಂಚಿಗೆ ಅಸಿಟೋನ್ ಅದ್ದಿದ ಹತ್ತಿಯನ್ನು ಒತ್ತಿದಾಗ ಎಬಿಎಸ್ ಜಿಗುಟಾಗುತ್ತದೆ, ಪಾಲಿಪ್ರೊಪಿಲೀನ್‌ಗೆ ಏನೂ ಆಗುವುದಿಲ್ಲ. ನನ್ನ ಚೌಕಟ್ಟು ಮತ್ತು ಕನ್ಸೋಲ್ ಎರಡೂ ಎಬಿಎಸ್. ಕಂಬದ ಹೊದಿಕೆ ಪಾಲಿಪ್ರೊಪಿಲೀನ್.

ಸೂಪರ್ ಗ್ಲೂ ಮೇಲೆ ಅಡುಗೆ ಸೋಡಾ ಉದುರಿಸಿದರೆ ಕ್ಷಣಮಾತ್ರದಲ್ಲಿ ಕಲ್ಲಿನಂತಾಗುತ್ತದೆ. ಆ ಕಲ್ಲಿನ ಗುಣವೇ ಅದರ ದೋಷ. ಕೂಡಿಸಿದ ಪಟ್ಟಿಯನ್ನು ಸ್ವಲ್ಪ ಬಾಗಿಸಿದೊಡನೆ ಅದು ಅದೇ ಗೆರೆಯಲ್ಲಿ ಮುರಿಯಿತು. ಸಾಲದ್ದಕ್ಕೆ ಕಪ್ಪು ಪ್ಲಾಸ್ಟಿಕ್‌ನ ಮೇಲೆ ಬಿಳಿಯ ಮಬ್ಬು ಉಳಿಯಿತು. ಮುರಿದ ಅಂಚುಗಳನ್ನು ಸರಿಯಾಗಿ ಹೊಂದಿಸಿ ಹಿಡಿದಿಡಲು ಮಾತ್ರ ಈಗ ಅದನ್ನು ಒಂದೆರಡು ಹನಿ ಬಳಸುತ್ತೇನೆ.

ಎರಡು ಟ್ಯೂಬುಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿ ಅಂಟಿನ ಬಗ್ಗೆ ನನಗೆ ಬಹಳ ನಿರೀಕ್ಷೆಯಿತ್ತು. ಹಿಂಬದಿಯನ್ನು 80ನೇ ನಂಬರಿನ ಮರಳುಕಾಗದದಿಂದ ಒರಟು ಮಾಡಿ, ಗಾಜಿನ ನಾರಿನ ಬಟ್ಟೆಯೊಂದಿಗೆ ಹಚ್ಚಿದಾಗ ಎಬಿಎಸ್ ಮೇಲೆ ಅದು ಭದ್ರವಾಗಿ ಕೂತಿತು. ಪಾಲಿಪ್ರೊಪಿಲೀನ್ ಮೇಲೆ ಹಚ್ಚಿದ್ದು ಮಾತ್ರ ಮರುದಿನ ಉಗುರು ತಾಗಿಸಿದೊಡನೆ ಬಟ್ಟೆಯ ಸಮೇತ ಸಿಪ್ಪೆಯಂತೆ ಎದ್ದು ಬಂತು. ಇನ್ನೊಂದು ಸಂಗತಿಯನ್ನು ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ: ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಬಹುತೇಕ ಎಪಾಕ್ಸಿಗಳು ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗತೊಡಗುತ್ತವೆ, ಆದರೆ ಎಬಿಎಸ್ ಸುಮಾರು 100 ಡಿಗ್ರಿಯವರೆಗೂ ತನ್ನ ಆಕಾರ ಉಳಿಸಿಕೊಳ್ಳುತ್ತದೆ. ಗಾಜಿನಡಿ ನೇರ ಬಿಸಿಲು ಬೀಳುವ ಚೌಕಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ನಾನು ಎಪಾಕ್ಸಿಯನ್ನು ಕೆಳಗೆ ನೆರಳಿನಲ್ಲಿರುವ ಕನ್ಸೋಲ್‌ಗೆ, ಅದರಲ್ಲೂ ಸ್ಕ್ರೂ ಕೂರುವ ಮುರಿದ ಗೂಟಗಳಿಗೆ ಮೀಸಲಿಟ್ಟೆ. ಸ್ಕ್ರೂಗೆ ಮೇಣ ಸವರಿ, ಅದನ್ನು ನಡುವೆ ನಿಲ್ಲಿಸಿ, ಸುತ್ತಲೂ ಎಪಾಕ್ಸಿ ತುಂಬಿ ಒಂದು ದಿನ ಬಿಟ್ಟು ತಿರುಗಿಸಿ ತೆಗೆದರೆ ಸ್ಕ್ರೂವಿನ ಸುರುಳಿ ಗೆರೆಗಳೇ ಒಳಗೆ ಅಚ್ಚಾಗಿ ಉಳಿಯುತ್ತವೆ.

ಚೌಕಟ್ಟಿಗೆ ನಾನು ಆರಿಸಿಕೊಂಡಿದ್ದು ಎಬಿಎಸ್ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿದ ಲೇಪ, ಮತ್ತು ನಾಲ್ಕರಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದೂ ಅದೇ. ಇಲ್ಲಿ ಎರಡು ವಸ್ತುಗಳನ್ನು ಮೂರನೆಯದೊಂದು ಹಿಡಿದಿಡುವುದಿಲ್ಲ. ಅಂಚುಗಳೇ ಕರಗಿ ಒಂದಾಗುತ್ತವೆ. ಅದೇ ಚೌಕಟ್ಟಿನ ಹಿಂಬದಿಯ ಬೇಡದ ಅಂಚನ್ನು ಕತ್ತರಿಸಿ, ಗಾಜಿನ ಸೀಸೆಯಲ್ಲಿ ರಾತ್ರಿಯಿಡೀ ನೆನೆಸಿದಾಗ ಜೇನಿನಷ್ಟು ಮಂದವಾದ, ಅದೇ ಬಣ್ಣದ ಲೇಪ ಸಿಕ್ಕಿತು. ಬಿರುಕು ಮುಂದುವರಿಯದಂತೆ ಅದರ ತುದಿಯಲ್ಲಿ 2 ಮಿಲಿಮೀಟರ್ ತೂತು ಕೊರೆದು, ಹಿಂಬದಿಯಿಂದ ವಿ ಆಕಾರದ ಕಾಲುವೆ ತೋಡಿ, ತೆಳುವಾದ ಪದರಗಳನ್ನು ದಿನಕ್ಕೊಂದರಂತೆ ಹಚ್ಚಿದೆ. ಇಲ್ಲಿ ಅವಸರ ಮಾಡಿದರೆ ಕೆಡುತ್ತದೆ. ಒಂದು ಕಡೆ ನಾನು ದಪ್ಪವಾಗಿ ತುಂಬಿದ್ದರಿಂದ ಅಸಿಟೋನ್ ಮುಂಬದಿಯವರೆಗೂ ಇಳಿದು, ಚರ್ಮದಂಥ ಆ ಸೊಗಸಾದ ನೆರಿಗೆ ಬೆರಳಗಲದಷ್ಟು ಜಾಗದಲ್ಲಿ ನುಣುಪಾಗಿ ಅಳಿಸಿಹೋಯಿತು. ಅದು ಇಂದಿಗೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಅಸಿಟೋನ್‌ನ ಆವಿಗೆ ಬೆಂಕಿ ಬೇಗ ತಗಲುವುದರಿಂದ ಈ ಕೆಲಸವನ್ನು ಗಾಳಿಯಾಡುವ ಕಡೆ, ಕಿಡಿ ಜ್ವಾಲೆಗಳಿಂದ ದೂರವೇ ಮಾಡಬೇಕು.

ಕಂಬದ ಹೊದಿಕೆಗೆ ಅಂಟುಗಳು ಹಿಡಿಯದೆ ಬಿಸಿ ಬೆಸುಗೆಗೆ ಹೋದೆ. ಅಲೆಯಾಕಾರದ ಸ್ಟೀಲ್ ಪಿನ್ನುಗಳನ್ನು ಬಿಸಿ ಮಾಡಿ ಬಿರುಕಿಗೆ ಅಡ್ಡಲಾಗಿ ಹುಗಿದ ಮೇಲೆ ಹೊದಿಕೆ ಬಾಗಿದರೂ ಬಿರುಕು ಬಾಯಿಬಿಡಲಿಲ್ಲ. ಪ್ಲಾಸ್ಟಿಕ್‌ನ ದಪ್ಪದ ಅರ್ಧಕ್ಕಿಂತ ಆಳಕ್ಕೆ ಪಿನ್ನು ಇಳಿದರೆ ಮುಂಬದಿಯಲ್ಲಿ ಗುರುತು ಏಳುತ್ತದೆ. ಹೊಗೆಯನ್ನು ಉಸಿರಾಡಬಾರದು.

ಭಾಗಗಳನ್ನು ಮರಳಿ ಕೂರಿಸುವಾಗ ಸ್ಕ್ರೂಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ, ಕೊನೆಯ ಅರ್ಧ ಸುತ್ತಿಗೆ ಮಾತ್ರ ಸ್ಕ್ರೂಡ್ರೈವರ್ ಹಿಡಿದೆ. ಚೌಕಟ್ಟಿನ ನಾಲ್ಕು ಬಿರುಕುಗಳಲ್ಲಿ ಮೂರು ಹುಟ್ಟಿದ್ದು ಹಿಂದೆ ಯಾರೋ ಅತಿಯಾಗಿ ಬಿಗಿದಿದ್ದ ಸ್ಕ್ರೂಗಳ ಬುಡದಲ್ಲೇ.